ಗಿಟಾರಿಗೆ ಒಂದೇ ಸುತ್ತು

ನನಗೆ ಅರ್ಥವಾಗದ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳುವ ಕೆಲಸ ಈ ಮನೆಯಲ್ಲಿ ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಗ್ರೈಂಡರಿನ ಕಲ್ಲು ಸವೆದಿದೆಯೋ ಬೆಲ್ಟು ಸಡಿಲವಾಗಿದೆಯೋ, ನಲ್ಲಿಯಲ್ಲಿ ಬಂದದ್ದು ಬೋರಿನ ನೀರೋ ಕಾವೇರಿಯೋ ಎಂದು ಕೇಳಿದರೆ ಕಣ್ಣುಮುಚ್ಚಿಕೊಂಡು ಹೇಳಬಲ್ಲೆ. ಅವನ್ನು ಯಾರೂ ಕೇಳುವುದಿಲ್ಲ. ಈ ವರ್ಷ ಗಣೇಶನನ್ನು ನೀರಿಗೆ ಬಿಟ್ಟು ಬಂದ ಮಾರನೆಯ ಸಂಜೆ ನಮ್ಮ ಯಜಮಾನರು ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟು, ನಾನು ದಂಟಿನ ಸೊಪ್ಪು ಬಿಡಿಸುತ್ತಿದ್ದ ತಟ್ಟೆಯ ಎದುರು ಕೂತು ಕೇಳಿದ ಪ್ರಶ್ನೆ ಬೇರೆಯೇ ಇತ್ತು.

"ಇವನ್ ಕೈ ಹೆಂಗಿದೆ, ನೋಡ್ ಹೇಳು."

ನೋಡಿದೆ. ಕೈ ಚೆನ್ನಾಗಿಯೇ ಇತ್ತು. ಆ ಕೈಯಲ್ಲಿ ಗಿಟಾರಿತ್ತು. ಸುತ್ತ ಹೊಗೆ, ಹಸಿರು ದೀಪ, ಜನವೋ ಜನ. ಹೊಗೆಯ ನಡುವೆ ನಿಂತವನು ಪ್ರಪಂಚಕ್ಕೇ ಗೊತ್ತಿರುವ ದೊಡ್ಡ ರಾಕ್ ಗಿಟಾರಿಸ್ಟು ಎಂದು ನಮ್ಮವರು ಹೇಳಿದರು. ನಾನು "ಪರವಾಗಿಲ್ಲ" ಅಂದೆ. ಮಾರನೆಯ ದಿನ ಇನ್ನೊಬ್ಬ ಬಂದ. ಆಮೇಲೆ ಮತ್ತೊಬ್ಬ. ಹೀಗೆ ಸೊಪ್ಪು, ಹುರುಳಿಕಾಯಿ, ಬೆಳ್ಳುಳ್ಳಿ ಬಿಡಿಸುತ್ತ ಬಿಡಿಸುತ್ತ ನಾನು ರಾಕ್ ಸಂಗೀತದ ಪರೀಕ್ಷಕಿಯಾಗಿಬಿಟ್ಟೆ. ಎಷ್ಟು ನೋಡಿದರೂ ಗೊಂದಲ ಕಡಿಮೆಯಾಗದ ಪರೀಕ್ಷಕಿ.

ಯಾಕೆ ಈ ಪರೀಕ್ಷೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮವರಿಗೆ ಐವತ್ತು ದಾಟಿದೆ. ಪೀಣ್ಯದಲ್ಲಿ ಅಚ್ಚು ಮಾಡುವ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ. ಕೂದಲೆಳೆಗಿಂತ ಸಣ್ಣ ಅಳತೆಗಳಲ್ಲಿ ಬದುಕುವ ಮನುಷ್ಯ. ಗೋಡೆಯ ಕ್ಯಾಲೆಂಡರು ಒಂದಿಷ್ಟು ವಾಲಿದರೂ ಊಟ ಬಿಟ್ಟು ಎದ್ದು ಸರಿಮಾಡಿ ಬರುತ್ತಾರೆ. ಕಾರ್ಖಾನೆಯಲ್ಲಿ ಪ್ರತಿ ಆಯುಧಪೂಜೆಗೂ ಕೆಲಸಗಾರರದೇ ಒಂದು ಆರ್ಕೆಸ್ಟ್ರಾ ಇರುತ್ತದೆ. ಮದುವೆಯಾಗುವ ಮೊದಲಿನಿಂದಲೂ ಇವರು ಅದರಲ್ಲಿ ಗಿಟಾರು ಹಿಡಿದು ಹಾಡುವವರ ಹಿಂದೆ ನಿಲ್ಲುತ್ತ ಬಂದಿದ್ದಾರೆ. ಹಾಡುವವನು ಸ್ವರ ತಪ್ಪಿದರೆ ಹಿಂದಿನಿಂದ ಹಿಡಿದುಕೊಡುವುದು, ಸಾಲು ಮರೆತರೆ ಅದೇ ಎರಡು ಸ್ವರಗಳನ್ನು ಮೀಟುತ್ತ ಅವನಿಗೆ ನೆನಪಾಗುವ ತನಕ ಕಾಯುವುದು, ಇದು ಇವರ ಕೆಲಸ. ಪ್ರತಿ ವರ್ಷದ ಫೋಟೋ ನಮ್ಮ ಮನೆಯಲ್ಲಿದೆ. ಎಲ್ಲದರಲ್ಲೂ ಇವರ ಮೊಣಕೈ ಮಾತ್ರ ಕಾಣುತ್ತದೆ.

ಈಗ ಕಾರ್ಖಾನೆ ಮಾದನಾಯಕನಹಳ್ಳಿಯ ಆಚೆ ಹೊಸ ಶೆಡ್ಡಿಗೆ ಹೋಗುತ್ತಿದೆ. ಅಲ್ಲಿ ಜಾಗ ಜಾಸ್ತಿ, ವೇದಿಕೆ ಇಲ್ಲ. ಮುಂದಿನ ವರ್ಷದಿಂದ ಪೂಜೆ, ಸ್ವೀಟ್ ಬಾಕ್ಸು, ಮನೆಗೆ ನಡಿ. ಆರ್ಕೆಸ್ಟ್ರಾಕ್ಕೆ ಇದೇ ಕೊನೆಯ ಸಲ. ಹಾಗೆಂದೇ ಎಲ್ಲರೂ ಸೇರಿ, "ರಾಜಣ್ಣಂಗೆ ಈ ಸಲ ಒಂದು ಸೋಲೋ ಕೊಡಣ" ಎಂದು ತೀರ್ಮಾನಿಸಿದ್ದರು. ಸೋಲೋ ಎಂದರೆ ಹಾಡಿಲ್ಲ, ಹಾಡುವವರಿಲ್ಲ. ಇವರೊಬ್ಬರೇ ಮುಂದೆ, ಉಳಿದವರು ಹಿಂದೆ.

"ಒಂದೇ ಒಂದ್ ಸಲ ಕಣೇ, ಮುಂದ್ ನಿಂತ್ಕೊಂಡು ನುಡಿಸ್ಬೇಕು" ಎಂದು ಕಾಫಿ ಲೋಟದ ತಳ ನೋಡುತ್ತ ಹೇಳಿದರು. ಇಷ್ಟು ವರ್ಷದಲ್ಲಿ ಈ ಮನುಷ್ಯ ನನ್ನೆದುರು ಬಾಯಿಬಿಟ್ಟು ಏನನ್ನಾದರೂ ಬೇಕು ಅಂದದ್ದು ಅಪರೂಪ. ಆದ್ದರಿಂದ ನಾನೂ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಮುಂದೆ ನಿಲ್ಲುವುದೇನೋ ಸರಿ, ಯಾರ ಹಾಗೆ ನಿಲ್ಲುವುದು? ಅದೇ ಅವರ ಸಮಸ್ಯೆ. ಅದಕ್ಕೇ ಈ ಮೊಬೈಲಿನ ಮೆರವಣಿಗೆ.

ಆ ದೊಡ್ಡವರ ಹೆಸರುಗಳು ನನ್ನ ನಾಲಿಗೆಯ ಮೇಲೆ ನಿಲ್ಲಲಿಲ್ಲ. ನಾನು ಮನೆಯಲ್ಲಿ ಸೀರೆಗೆ ಫಾಲ್ಸ್ ಹಾಕಿಕೊಡುತ್ತೇನೆ. ಸೀರೆಯ ಒಡತಿಯ ಹೆಸರು ಮರೆತರೆ 'ಮೂಲೆಮನೆ ನವಿಲುಬಣ್ಣ', 'ಅಂಗನವಾಡಿ ಕೆಂಪಂಚು' ಎಂದು ಚೀಟಿ ಚುಚ್ಚಿಡುವುದು ರೂಢಿ. ಇವರಿಗೂ ಹಾಗೇ ಚುಚ್ಚಿದೆ. ಎತ್ತರದ ಕರಿ ಟೋಪಿ ಹಾಕಿ, ಗುಂಗುರು ಕೂದಲಲ್ಲಿ ಮುಖವನ್ನೇ ಮುಚ್ಚಿಕೊಂಡವನು 'ಟೋಪಿ'. ಶಾಲೆಯ ಚಡ್ಡಿ, ಟೈ ಕಟ್ಟಿಕೊಂಡು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಿ ಕೊನೆಗೆ ನೆಲದ ಮೇಲೆ ಬಿದ್ದು ಗಿರಗಿರ ತಿರುಗುವವನು 'ಯೂನಿಫಾರ್ಮು'. ಎರಡೂ ಕೈಯ ಬೆರಳುಗಳನ್ನು ಗಿಟಾರಿನ ಕತ್ತಿನ ಮೇಲೇ ಇಟ್ಟು ಟಪಟಪ ಕುಟ್ಟುತ್ತ ನಗುವವನು 'ಟೈಪಿಸ್ಟು'. ಇದ್ದಲ್ಲೇ ನಿಂತು, ಸಾಲದ ಅರ್ಜಿ ನೋಡುವವನ ಮುಖ ಮಾಡಿಕೊಂಡು, ಒಂದೊಂದೇ ಸ್ವರವನ್ನು ಉದ್ದಕ್ಕೆ ಎಳೆದು ಬಿಡುವವನು 'ಬ್ಯಾಂಕ್ ಮ್ಯಾನೇಜರು'. ಗಿಟಾರನ್ನು ತಲೆಕೆಳಗು ಮಾಡಿ ಎಡಗೈಯಲ್ಲಿ ಮೀಟುವವನು 'ಎಡಚ'.

ನನಗೆ ಗೊತ್ತಿರುವುದು ಹೊಲಿಗೆ. ಆದ್ದರಿಂದ ಅದರಲ್ಲೇ ಅಳೆದೆ. ಟೈಪಿಸ್ಟಿನದು ಓವರ್‌ಲಾಕ್ ಯಂತ್ರದ ಕೆಲಸ. ಒತ್ತೊತ್ತಾಗಿ, ಒಂದು ಎಳೆಯೂ ಬಿಡದೆ, ನೋಡುತ್ತಿದ್ದಂತೆ ಅಂಚು ಮುಗಿದಿರುತ್ತದೆ. ಟೋಪಿಯದು ರವಿಕೆಯ ಕುಸುರಿ. ಬಳ್ಳಿ ಬಳುಕಿ ಬಳುಕಿ ಎಲ್ಲಿಗೋ ಹೋಗಿ, ನೀವು ಕೈಬಿಟ್ಟಿರಿ ಅನ್ನುವಾಗ ಸರಿಯಾಗಿ ಕೊರಳಿಗೇ ಬಂದು ಕೂರುತ್ತದೆ. ಯೂನಿಫಾರ್ಮು, ಹೊಲಿಯುತ್ತಲೇ ಬಾಗಿಲು ತೆಗೆದು ಹಾಲಿನವನಿಗೆ ಉತ್ತರಿಸಿ ಒಲೆ ಸಣ್ಣ ಮಾಡಿ ಬರುವವನು, ಆದರೂ ಹೊಲಿಗೆ ನೇರವಾಗಿರುತ್ತದೆ. ಅದು ಹೇಗೋ ದೇವರೇ ಬಲ್ಲ. ಬ್ಯಾಂಕ್ ಮ್ಯಾನೇಜರಿನದು ಕೈಹೊಲಿಗೆ. ಸೂಜಿ ಎಲ್ಲಿ ಒಳಗೆ ಹೋಯಿತು, ಎಲ್ಲಿ ಹೊರಗೆ ಬಂತು ಗೊತ್ತಾಗುವುದಿಲ್ಲ. ನಡುವೆ ಅಷ್ಟುದ್ದ ಖಾಲಿ ಬಟ್ಟೆ. ಆ ಖಾಲಿಯೇ ಚೆಂದ.

ಇದನ್ನು ಹೇಳಿದಾಗ ನಮ್ಮವರು ಖುಷಿಯಾಗಿಬಿಟ್ಟರು. "ಅದೇ, ಅದೇ! ಕಮ್ಮಿ ನುಡಿಸೋದೇ ದೊಡ್ಡದು" ಎಂದು ಮೂರು ಸಂಜೆ ಒಂದೊಂದೇ ಸ್ವರ ಎಳೆದರು. ನಾಲ್ಕನೆಯ ಸಂಜೆ ಟೈಪಿಸ್ಟನ್ನು ಮತ್ತೆ ಹಾಕಿ, "ನೋಡು ಹೆಂಗ್ ತುಂಬಿಸ್ತಾನೆ, ಒಂದ್ ಚೂರ್ ಜಾಗ ಬಿಡಲ್ಲ" ಅಂದರು. ಮೊನ್ನೆ ಖಾಲಿ ಬಿಡುವುದು ಗುಣ, ಇವತ್ತು ಖಾಲಿ ಬಿಡದಿರುವುದು ಗುಣ. ಪರೀಕ್ಷಕಿ ಏನು ಮಾಡಬೇಕು? "ಇಬ್ರೂ ಚೆನ್ನಾಗವ್ರೆ" ಎಂದು ಬೆಳ್ಳುಳ್ಳಿ ಸಿಪ್ಪೆ ಊದಿದೆ.

ಅದಕ್ಕಿಂತ ದೊಡ್ಡ ಗೊಂದಲ 'ಲೈವ್' ಎಂಬುದು. ಇವರು ಮೊದಲು ಒಂದು ಹಾಡಿನ ರೆಕಾರ್ಡು ಕೇಳಿಸುತ್ತಾರೆ. ಅಚ್ಚುಕಟ್ಟಾಗಿ ಅನ್ನ ಸಾರು ಮುಗಿಯುವಷ್ಟು ಹೊತ್ತು. ಆಮೇಲೆ ಅದೇ ಹಾಡನ್ನು ಅದೇ ಮನುಷ್ಯ ವೇದಿಕೆಯ ಮೇಲೆ ನುಡಿಸಿದ್ದನ್ನು ತೋರಿಸುತ್ತಾರೆ. ಅದು ಮುಗಿಯುವುದೇ ಇಲ್ಲ. ನಡುವೆ ಹಾಡು ಕಳೆದುಹೋಗುತ್ತದೆ. ಇವನು ದಾರಿ ತಪ್ಪಿದ ಎಂದು ನನಗೆ ಕಳವಳ, ಅಲ್ಲಿ ಸೇರಿದ ಸಾವಿರಾರು ಜನಕ್ಕೆ ಮಾತ್ರ ಆನಂದಬಾಷ್ಪ. ನಮ್ಮ ಹರಿಕಥೆಯಲ್ಲೂ ದಾಸರು ಕಥೆ ಬಿಟ್ಟು ಎಲ್ಲೆಲ್ಲೋ ಹೋಗಿ ಬರುತ್ತಾರೆ ನಿಜ, ಆದರೆ ಕೇಳುವವರು ಅಷ್ಟರಲ್ಲಿ ಒಂದು ನಿದ್ದೆ ತೆಗೆದು ಕಥೆ ಬರುವ ಹೊತ್ತಿಗೆ ಸರಿಯಾಗಿ ಏಳುತ್ತಾರೆ. ಇಲ್ಲಿ ಯಾರೂ ಕೂತೇ ಇಲ್ಲ, ನಿದ್ದೆ ಎಲ್ಲಿಂದ ಮಾಡುತ್ತಾರೆ?

ಈ ನಿಲ್ಲುವ ವಿಷಯವೂ ನನ್ನನ್ನು ಕಾಡಿತು. ನಮ್ಮಲ್ಲಿ ಸಂಗೀತವೆಂದರೆ ಕೂತು ಮಾಡುವ ಕೆಲಸ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ವೀಣೆ ಕಲಿಸುವ ಅಮ್ಮನೊಬ್ಬರಿದ್ದರು. ಅವರೂ ತಂತಿಯನ್ನು ಪಕ್ಕಕ್ಕೆಳೆದು ಸ್ವರವನ್ನು ಬಳುಕಿಸುತ್ತಿದ್ದರು. ಬ್ಯಾಂಕ್ ಮ್ಯಾನೇಜರು ಮಾಡುವುದೂ ಅದನ್ನೇ. ಆದರೆ ಅಮ್ಮನ ಮುಖದಲ್ಲಿ ಸೂಜಿಗೆ ದಾರ ಪೋಣಿಸುವಾಗಿನ ಗಾಂಭೀರ್ಯ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇವರೆಲ್ಲ ಎಳೆದದ್ದು ತಂತಿಯನ್ನೋ ಹಲ್ಲನ್ನೋ ಎನ್ನುವ ಹಾಗೆ ಮುಖ ಹಿಂಡುತ್ತಾರೆ. ಕ್ಯಾಲೆಂಡರಿನ ಸರಸ್ವತಿಯನ್ನು ನೋಡಿ, ಕೂತಿದ್ದಾಳೆ. ವೀಣೆಗೆ ತೊಡೆ ಕೊಟ್ಟಿದ್ದಾಳೆ. ನಿಂತು ನುಡಿಸುವವನು ಕೃಷ್ಣ ಒಬ್ಬನೇ, ಅವನೂ ಕಾಲು ಅಡ್ಡ ಹಾಕಿ ಹಸುವಿಗೆ ಒರಗಿಕೊಂಡು. ಹಾಗಾದರೆ ಈ ರಾಕಿನವರು ಕೃಷ್ಣನ ಕಡೆಯವರಿರಬೇಕು ಎಂದು ನಾನು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಎಡಚನ ವಿಡಿಯೋ ಬಂತು.

ಅವತ್ತು ನಮ್ಮತ್ತೆಯೂ ಪಕ್ಕದಲ್ಲಿದ್ದರು. ಅತ್ತೆ ಬಾಗಲಗುಂಟೆಯಲ್ಲೇ ಹುಟ್ಟಿ, ಬಾಗಲಗುಂಟೆಗೇ ಸೊಸೆಯಾಗಿ ಬಂದವರು. ಈಗ ಪೀಣ್ಯದ ಶೆಡ್ಡುಗಳಿರುವ ಕಡೆ ರಾಗಿ ಕೊಯ್ದವರು. ಮಗನ ಗಿಟಾರನ್ನು ಅವರು ಮೊದಲ ದಿನದಿಂದ 'ಆಟದ ಸಾಮಾನು' ಎಂದೇ ಕರೆಯುತ್ತ ಬಂದವರು. ಮಂಚದ ಮೇಲಿದ್ದರೆ, "ನಿನ್ನ್ ಆಟದ್ ಸಾಮಾನು ತೆಗ್ಯೋ, ಮನೀಕ್ಕಬೇಕು" ಅನ್ನುವರು. ಬೈಗುಳವಲ್ಲ, ಆದರೆ ಮಗನಿಗೆ ಅದು ಎಲ್ಲೋ ಚುಚ್ಚುತ್ತಿತ್ತು ಎಂಬುದು ನನಗೆ ಗೊತ್ತು. ಅತ್ತೆಗೆ ಕೆಲಸವೆಂದರೆ ಮುಗಿದ ಮೇಲೆ ಕೈಯಲ್ಲಿ ಏನಾದರೂ ಉಳಿಯಬೇಕು. ಗಿಟಾರಿನಲ್ಲಿ ಏನುಳಿಯುತ್ತದೆ?

ಮೊಬೈಲಿನಲ್ಲಿ ಎಡಚ ಹಲ್ಲಿನಿಂದ ತಂತಿ ಮೀಟಿದ, ಬೆನ್ನ ಹಿಂದೆ ಹಿಡಿದು ನುಡಿಸಿದ. ಅತ್ತೆ ಅಲ್ಲಾಡಲಿಲ್ಲ. ಆಮೇಲೆ ಅವನು ಗಿಟಾರನ್ನು ನೆಲದ ಮೇಲೆ ಮಲಗಿಸಿ, ಅದರ ಮುಂದೆ ಮಂಡಿಯೂರಿ, ಏನೋ ಚಿಮುಕಿಸಿ, ಬೆಂಕಿ ಕೊಟ್ಟು, ಜ್ವಾಲೆಯ ಮೇಲೆ ಬೆರಳಾಡಿಸಿ ಆವಾಹನೆ ಮಾಡುವವನ ಹಾಗೆ ಕರೆದ. ನನಗೆ ಗಾಬರಿ. ಅಷ್ಟು ಒಳ್ಳೆಯ ವಾದ್ಯ!

ಅತ್ತೆ ಮಾತ್ರ ಕೈ ಜೋಡಿಸಿದರು. "ನೋಡ್ಲಾ, ತೀರ್ಥ ಆಕಿ ಆರತಿ ಮಾಡ್ತಾವ್ನೆ. ಎಂಥಾ ಭಕ್ತಿ!"

"ಆರತಿ ಅಲ್ಲಮ್ಮ, ಸುಡ್ತಾ ಇದ್ದಾನೆ."

"ಸುಡೋನು ಯಾಕ್ಲಾ ಮಂಡಿ ಊರ್ತಾನೆ? ನಂಗೊತ್ತಿಲ್ವಾ ಪೂಜೆ ಅಂದ್ರೆ?"

ನಮ್ಮವರು ನನ್ನ ಮುಖ ನೋಡಿದರು. ನಾನು ಸೊಪ್ಪು ನೋಡಿದೆ. ಎಡಚ ಯಾಕೆ ಸುಟ್ಟ ಎಂದು ನಮ್ಮಿಬ್ಬರಿಗೂ ಸರಿಯಾಗಿ ಗೊತ್ತಿಲ್ಲದಿದ್ದುದರಿಂದ ಆರತಿಯಲ್ಲ ಎಂದು ಸಾಧಿಸುವ ಧೈರ್ಯ ಬರಲಿಲ್ಲ. ಅಲ್ಲಿಗೇ ಬಿಟ್ಟೆವು. ಬಿಡಬಾರದಿತ್ತು ಎಂದು ಗೊತ್ತಾದದ್ದು ಆಯುಧಪೂಜೆಯ ಬೆಳಿಗ್ಗೆ.

ಅಷ್ಟರಲ್ಲಿ ಇವರ ಸೋಲೋ ತಯಾರಾಗಿತ್ತು. ತಯಾರಾಗಿತ್ತು ಎಂದರೆ, ಸಾಗುವಿನ ಹಾಗೆ ಎಲ್ಲರೂ ಅದರಲ್ಲಿದ್ದರು. ಮೊದಲು ಬ್ಯಾಂಕ್ ಮ್ಯಾನೇಜರು ಉದ್ದಕ್ಕೆ ಎಳೆಯುವುದು, ಆಮೇಲೆ ಟೋಪಿಯ ಬಳ್ಳಿ, ನಡುವೆ ಟೈಪಿಸ್ಟಿನ ಟಪಟಪ, ಕೊನೆಗೆ ಎಡಚನ ಕೂಗು. ಯೂನಿಫಾರ್ಮನ್ನು ಮಾತ್ರ ಮಂಡಿನೋವಿನ ಕಾರಣ ಕೈಬಿಟ್ಟಿದ್ದರು. "ಯಾರ್ ಥರ ಇದೆ?" ಎಂದು ಕೇಳುವರು. ಒಂದು ದಿನ ಟೋಪಿ ಅಂದೆ, ಇನ್ನೊಂದು ದಿನ ಮ್ಯಾನೇಜರು ಅಂದೆ. ಎರಡು ದಿನವೂ ಅವರ ಮುಖ ಒಂದು ಕ್ಷಣ ಬೆಳಗಿ, ಮತ್ತೆ ಸಪ್ಪಗಾಯಿತು. ಸರಿ ಉತ್ತರ ಯಾವುದೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಆಯುಧಪೂಜೆಯ ದಿನ ಅವರು ಬೆಳಕು ಹರಿಯುವ ಮುಂಚೆಯೇ ಗೆಳೆಯರೊಬ್ಬರ ಬೈಕಿನ ಹಿಂದೆ ಕೂತು ಕಾರ್ಖಾನೆಗೆ ಹೊರಟರು. ಯಂತ್ರಗಳಿಗೆ ಬಾಳೆಕಂದು ಕಟ್ಟಬೇಕು, ಕುಂಬಳಕಾಯಿ ಒಡೆಯಬೇಕು. ಹತ್ತು ಗಂಟೆಯ ಮೇಲೆ ಮನೆಮಂದಿಗೆಲ್ಲ ಊಟ, ಕಾರ್ಯಕ್ರಮ. ಗಿಟಾರು ಅಲ್ಲಿ ಎಣ್ಣೆ ಕೈಗಳ ನಡುವೆ ಬೇಡ, ನೀನು ಬರುವಾಗ ತಾ ಎಂದು ನನಗೆ ಒಪ್ಪಿಸಿದರು. ನಾನು ಸ್ನಾನಕ್ಕೆ ಹೋದೆ. ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದು ನೋಡಿದರೆ ಪೂಜೆ ಮುಗಿದಿತ್ತು.

ದೇವರ ಮುಂದೆ ಈಳಿಗೆಮಣೆ, ಮಚ್ಚು, ನನ್ನ ಹೊಲಿಗೆ ಯಂತ್ರ, ಮಿಕ್ಸಿ. ನಟ್ಟನಡುವೆ ಮಣೆಯ ಮೇಲೆ ಕುಂಕುಮಬಣ್ಣದ ಬಟ್ಟೆ ಹಾಸಿ, ಗಿಟಾರು! ಹೊಟ್ಟೆಗೆ ಮೂರು ಪಟ್ಟೆ ವಿಭೂತಿ, ಆರು ತಂತಿಗಳಿಗೂ ಮೇಲಿನಿಂದ ಕೆಳಗಿನ ತನಕ ಗಂಧ, ಗಂಧದ ಮೇಲೆ ಕುಂಕುಮ, ಕತ್ತಿಗೆ ಸೇವಂತಿಗೆ ಮಾಲೆ. ಅತ್ತೆ ಮಂಗಳಾರತಿ ತಟ್ಟೆ ನನ್ನ ಕಡೆ ಚಾಚಿದರು.

"ಅತ್ತೆ, ಇದು ಇವತ್ತು ಬೇಕಲ್ಲ!"

"ಪೂಜೆಗ್ ಇಟ್ ಮೇಲೆ ನಾಳೆ ಬೆಳಗ್ಗೆ ಎರಡ್ನೇ ಪೂಜೆ ಆಗೋಗಂಟ ಯಾರೂ ಮುಟ್ಟಂಗಿಲ್ಲ ಕಣಮ್ಮಿ. ದುಡಿಯೋ ಸಾಮಾನು ಇವತ್ತು ದುಡೀಬಾರ್ದು. ನೀನ್ ಮಿಸಿನ್ ತುಳೀತೀಯಾ ಇವತ್ತು?"

ತುಳಿಯುವುದಿಲ್ಲ. ಇಷ್ಟು ವರ್ಷದಲ್ಲಿ ಆ ದಿನ ಒಂದು ಗುಂಡಿ ಕಿತ್ತುಹೋದರೂ ಪಿನ್ನು ಹಾಕಿಕೊಂಡಿದ್ದೇವೆಯೇ ಹೊರತು ಸೂಜಿ ಮುಟ್ಟಿಲ್ಲ. ಇನ್ನೊಂದು ವಿಷಯವೂ ಹೊಳೆಯಿತು. ಅತ್ತೆ 'ದುಡಿಯೋ ಸಾಮಾನು' ಅಂದರು. ಆಟದ ಸಾಮಾನು ಅನ್ನಲಿಲ್ಲ.

ಇವರಿಗೆ ಫೋನು ಮಾಡಿದೆ. ಹಿಂದೆ ಯಾರೋ ಮೈಕಿನಲ್ಲಿ ಹಲೋ ಹಲೋ ಅನ್ನುತ್ತಿದ್ದರು. ವಿಷಯ ಹೇಳಿದೆ.

"ಕೇಳಿಸ್ತಾ?"

"ಅಮ್ಮಾನೇ ಇಟ್ಲಾ?"

"ಹೂಂ. ಆರತೀನೂ ಆಗೋಯ್ತು."

"ಯಾರೂ ಹೇಳ್ಕೊಡ್ಲಿಲ್ವಾ? ಅವಳಾಗೇ ಇಟ್ಲಾ?"

"ಅವರಾಗೇ."

ಆಮೇಲೆ, "ಹಂಗಾದ್ರೆ ಇರ್ಲಿ ಬಿಡು. ತೆಗೀಬೇಡ" ಎಂದು ಫೋನಿಟ್ಟರು.

ನಾನು ಮಣೆಯ ಮುಂದೆ ಕೂತುಬಿಟ್ಟೆ. ಒಂದೇ ಒಂದು ಸಲ ಮುಂದೆ ನಿಲ್ಲಬೇಕು ಅಂದವರು ಇವರೇ, ಇರಲಿ ಬಿಡು ಅನ್ನುವವರೂ ಇವರೇ. ಒಂದು ಕಡೆ ಅಮ್ಮ ಕೊನೆಗೂ ಗಿಟಾರಿಗೆ ಕುಂಕುಮ ಇಟ್ಟಿದ್ದಾಳೆ, ಇನ್ನೊಂದು ಕಡೆ ಆ ಕುಂಕುಮದಿಂದಲೇ ಗಿಟಾರು ಕದಲುವ ಹಾಗಿಲ್ಲ. ನಾನು ಯಾರ ಪರ? ಅತ್ತೆಯ ಪರವಾದರೆ ಇವರಿಗೆ ಮೋಸ. ಇವರ ಪರವಾಗಿ ಗಿಟಾರು ಎತ್ತಿದರೆ, ಆ ಕುಂಕುಮ ಇವರಿಗೇ ಬೇಕಾಗಿದ್ದದ್ದು, ಅದನ್ನು ಅಳಿಸಿದ ಹಾಗೆ.

ಅಷ್ಟರಲ್ಲಿ ಅತ್ತೆ ಕರೆದರು. "ಬಾರಮ್ಮಿ, ಗಾಡಿಗೆ ನಿಂಬೆಹಣ್ಣು ಇಟ್ಟಿವ್ನಿ. ತುಳಿಸ್ಕೊಂಡ್ ಒಂದು ಸುತ್ತು ಓಗ್ಬಾ."

ಸ್ಕೂಟರು ಮಾಲೆ ಹಾಕಿಕೊಂಡು ನಿಂತಿತ್ತು. ನಿಂಬೆಹಣ್ಣು ಚಪ್ಪಟೆ ಮಾಡಿ, ಬೀದಿಯ ಕೊನೆಯ ಹಾಲಿನ ಬೂತಿನ ತನಕ ಹೋಗಿ ತಿರುಗಿಸಿಕೊಂಡು ಬಂದೆ. ಬಂದು ಸ್ಟ್ಯಾಂಡು ಹಾಕುವಾಗ ತಲೆಯಲ್ಲಿ ಏನೋ ಹೊಳೆದ ಹಾಗಾಯಿತು.

"ಅತ್ತೆ, ಸ್ಕೂಟರೂ ದುಡಿಯೋ ಸಾಮಾನೇ ಅಲ್ವಾ? ಪೂಜೆ ಆದ ತಕ್ಷಣ ಒಂದು ಸುತ್ತು ಓಡಿಸಿ ಅಂತೀರಲ್ಲ?"

"ಓಡಿಸ್ಲೇಬೇಕು. ಗಾಡಿ ಅಂದ್ರೆ ಓಡೋದು. ಒಂದು ಸುತ್ತು ಓಡಿದ್ರೇನೇ ಪೂಜೆ ಸಂದಂಗೆ."

"ಮತ್ತೆ ಗಿಟಾರು ಅಂದ್ರೆ ನುಡಿಯೋದು..."

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಬಹಳ ಹೊತ್ತು ಸ್ಕೂಟರನ್ನು ನೋಡಿದರು, ಒಳಗೆ ಹೋಗಿ ಗಿಟಾರನ್ನು ನೋಡಿದರು, ಮತ್ತೆ ಹೊರಗೆ ಬಂದು ಸ್ಕೂಟರನ್ನು ನೋಡಿದರು. ಆಮೇಲೆ ತೀರ್ಪು ಬಂತು. "ಒಂದೇ ಸುತ್ತು. ಗಂಧ ಒರಸಂಗಿಲ್ಲ. ನಾನೂ ಬತ್ತೀನಿ."

ಹೀಗೆ ನಾವು ಮೂವರು, ನಾನು, ಅತ್ತೆ, ಚೀಲದೊಳಗೆ ಮಾಲೆ ಸಮೇತ ಗಿಟಾರು, ಆಟೋದಲ್ಲಿ ಪೀಣ್ಯಕ್ಕೆ ಹೊರಟೆವು.

ಆಯುಧಪೂಜೆಯ ದಿನ ಪೀಣ್ಯದ ಶೆಡ್ಡಿನೊಳಗೆ ಹೋದರೆ ಮೊದಲು ಎದುರಾಗುವುದು ಸದ್ದಿಲ್ಲದಿರುವುದು. ವರ್ಷವಿಡೀ ಕಿವಿ ಕಿತ್ತುಹೋಗುವಂತೆ ಬಡಿಯುವ ಪ್ರೆಸ್ಸುಗಳು ಅವತ್ತು ಮದುವೆಮನೆಯಲ್ಲಿ ಕೂತ ಹಿರಿಯರ ಹಾಗೆ ಹಣೆಗೆ ಕುಂಕುಮ ಇಟ್ಟುಕೊಂಡು ಗಂಭೀರವಾಗಿರುತ್ತವೆ. ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಹಲಗೆ ಜೋಡಿಸಿದ ವೇದಿಕೆ. ಅತ್ತೆ ಹೋಗಿ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲೇ ಕೂತರು. ನಮ್ಮವರು ಚೀಲದ ಜಿಪ್ಪು ತೆಗೆದು, ಮಾಲೆ ಕುಂಕುಮಗಳನ್ನು ನೋಡಿ, ಅಮ್ಮನ ಕಡೆ ನೋಡಿದರು. ಷರತ್ತನ್ನು ನಾನು ಆಟೋದಿಂದಲೇ ಫೋನಿನಲ್ಲಿ ಹೇಳಿದ್ದೆ. ಅತ್ತೆ ಒಂದು ಬೆರಳೆತ್ತಿದರು. ಒಂದೇ ಸುತ್ತು.

ಆಮೇಲಿನದು ನಾವು ಎಣಿಸಿರಲಿಲ್ಲ. ಸ್ಟೋರ್ಸಿನ ಮಂಜುನಾಥ ಆರ್ಕೆಸ್ಟ್ರಾದ ಮುಖ್ಯ ಗಾಯಕ. ಒಳ್ಳೆಯ ಗಂಟಲು, ಆದರೆ ಸ್ವರ ಹಿಡಿದುಕೊಡುವವರು ಹಿಂದಿಲ್ಲದಿದ್ದರೆ ಜಾರುತ್ತಾನೆ. ಕೀಬೋರ್ಡಿನವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಮಂಜುನಾಥ ಓಡಿ ಬಂದ.

"ರಾಜಣ್ಣ, ಫಸ್ಟ್ ಸಾಂಗಿಗೆ ಹಿಂದ್ ನಿಂತ್ಕೋ ಗುರು."

ಇವರ ಕೈ ಅಭ್ಯಾಸಬಲದಿಂದ ಗಿಟಾರಿನ ಪಟ್ಟಿಗೆ ಹೋಯಿತು. ಯಾರು ಕೇಳಿದರೂ ಇಲ್ಲ ಎಂದವರಲ್ಲ ಈ ಮನುಷ್ಯ. ಈಗ ಹೂಂ ಅಂದರೆ ಸುತ್ತು ಮಂಜುನಾಥನ ಹಾಡಿನ ಹಿಂದೆಯೇ ಮುಗಿಯುತ್ತದೆ, ಫೋಟೋದಲ್ಲಿ ಮತ್ತೆ ಮೊಣಕೈ. ಅದೂ ಕೊನೆಯ ಫೋಟೋದಲ್ಲಿ.

"ಇಲ್ಲ ಮಗಾ" ಅಂದರು ಇವರು. "ಪೂಜೆಗಿಟ್ಟಿರೋದು. ನಂಗ್ ಒಂದೇ ಸುತ್ತು."

"ಏನಣ್ಣಾ, ಒಂದು ಸೋಲೋ ಕೊಟ್ಟಿದ್ದಕ್ಕೆ ಇಷ್ಟು ಬಿಲ್ಡಪ್ಪಾ? ಹೀರೋ ಆಗ್ಬಿಟ್ಟೆ ಬಿಡು!"

ಇವರು ಕಿವಿಯ ತನಕ ಕೆಂಪಾದರು. ಆದರೆ ಕೈಯನ್ನು ಪಟ್ಟಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. ರಿದಮ್ ಪ್ಯಾಡ್ ಬಾರಿಸುವ ಬಸಲಿಂಗ, ವಿಜಯಪುರದ ಕಡೆಯವನು, ನಮ್ಮ ಬೀದಿಯಲ್ಲೇ ಬಾಡಿಗೆ ರೂಮಿನಲ್ಲಿರುವವನು, ಅಲ್ಲಿಂದಲೇ ಕೂಗಿದ. "ಬಿಡ್ರೀ ಮಂಜಣ್ಣಾರ, ನಾ ಅದೀನಲ್ಲ. ಹಾಡ್ರಿ ನೀವು, ತಪ್ಪಿದ್ರ ಜೋರ್ ಬಾರಿಸಿ ಮುಚ್ಚಿಬಿಡ್ತೀನಿ!"

ಮಂಜುನಾಥ ಹಾಡಿದ. ಎರಡನೆಯ ಚರಣದಲ್ಲಿ ಜಾರಿದ. ಬಸಲಿಂಗ ಹೇಳಿದಂತೆ ಜೋರಾಗಿ ಬಾರಿಸಿದ. ಜನ ನಕ್ಕರು. ಇವರು ಹಾಡು ಮುಗಿಯುವ ತನಕ ನೆಲ ನೋಡುತ್ತ ನಿಂತಿದ್ದರು, ಬೆರಳುಗಳು ಜೇಬಿನೊಳಗೇ ಆಡುತ್ತಿದ್ದುದು ಬಟ್ಟೆಯ ಮೇಲೆ ಕಾಣುತ್ತಿತ್ತು.

ಆಮೇಲೆ ಇವರನ್ನು ಕರೆದರು. ಇವರು ಮುಂದೆ ಬಂದು ನಿಂತರು. ನನಗೆ ಪೂರ್ತಿ ಮನುಷ್ಯ ಕಂಡರು.

ಮೊದಲ ಸ್ವರ ಎಳೆದರು. ಬ್ಯಾಂಕ್ ಮ್ಯಾನೇಜರಿನ ಹಾಗೆ ಉದ್ದಕ್ಕೆ ಹೋಗಬೇಕಾಗಿದ್ದದ್ದು ಒಣಗಿದ ಗಂಧದಲ್ಲಿ ಸಿಕ್ಕಿ 'ಠಪ್' ಎಂದು ಕೂತಿತು. ಬೆರಳು ಜಾರುವುದೇ ಇಲ್ಲ. ಟೋಪಿಯ ಬಳ್ಳಿ ಅರ್ಧಕ್ಕೇ ಮುರಿಯಿತು. ಟೈಪಿಸ್ಟು ಕುಟ್ಟಿದರೆ ಕುಂಕುಮದ ಪುಡಿ ಹಾರಿತು. ನಾನು ಸೆರಗು ಬಾಯಿಗಿಟ್ಟುಕೊಂಡೆ. ಇವರು ಒಂದು ಕ್ಷಣ ನಿಂತರು. ಆಮೇಲೆ ಎಲ್ಲರನ್ನೂ ಬಿಟ್ಟು, ಗಂಧ ಎಷ್ಟು ಬಿಡುತ್ತದೋ ಅಷ್ಟರಲ್ಲೇ, ಒಂದೊಂದು ಮೆಟ್ಟಿಲನ್ನೂ ತಡವಿ ಹತ್ತುವವರ ಹಾಗೆ ನಿಧಾನವಾಗಿ ನುಡಿಸತೊಡಗಿದರು. ತಂತಿಗಳಿಂದ ಬಂದದ್ದು ಮಂಕಾದ, ಸ್ವಲ್ಪ ಮೂಗು ಕಟ್ಟಿದ ದನಿ. ಹಿಂದಿನ ಸಾಲಿನಲ್ಲಿ ಯಾರೋ ಮಗುವನ್ನು ಸುಮ್ಮನಿರಿಸಿದರು. ಬಸಲಿಂಗ ಬೆರಳ ತುದಿಯಲ್ಲಿ ಮಾತ್ರ ತಾಳ ಇಟ್ಟ. ನನಗೆ ಅದು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಮುಗಿಯದಿದ್ದರೆ ಸಾಕು ಅನ್ನಿಸಿತು.

ಮುಗಿದೇಬಿಟ್ಟಿತು. ಜನ ತಲೆದೂಗಲು ಶುರುಮಾಡಿದ್ದರಷ್ಟೆ, ಇವರು ಒಂದು ಆವರ್ತಿ ಬಂದು ಮೊದಲ ಸ್ವರ ಮುಟ್ಟಿ ಟಪ್ಪನೆ ನಿಲ್ಲಿಸಿದರು. ಚಪ್ಪಾಳೆ ಬಿತ್ತು. "ಒನ್ಸ್ ಮೋರ್!" ಎಂದು ಮೊದಲು ಕೂಗಿದವನು ಮಂಜುನಾಥನೇ. "ಇನ್ನೊಮ್ಮಿ ಹೊಡೀರಿ ರಾಜಣ್ಣಾರ!" ಎಂದ ಬಸಲಿಂಗ. ಇವರು ಕೈ ಮುಗಿದು, ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪೆಳೆದರು.

ಊಟ ಮುಗಿಸಿ ಮೂವರೂ ಆಟೋ ಹತ್ತಿದೆವು. ಗಿಟಾರು ಇವರ ತೊಡೆಯ ಮೇಲೆ. ತುಮಕೂರು ರಸ್ತೆಯಲ್ಲಿ ಬಾಳೆಕಂದು ಕಟ್ಟಿದ ಲಾರಿಗಳು, ಮಾಲೆ ಹಾಕಿದ ಬಸ್ಸುಗಳು ಒಂದಕ್ಕೊಂದು ಮುತ್ತಿಡುವಷ್ಟು ಹತ್ತಿರ ನಿಂತಿದ್ದವು. ಮೇಲೆ ಫ್ಲೈಓವರಿನಲ್ಲಿ ವಾಹನಗಳು ಹಾರುತ್ತಿದ್ದವು, ಕೆಳಗೆ ನಾವು ಕದಲುತ್ತಿರಲಿಲ್ಲ.

ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. "ಯಾಕ್ಲಾ ಅಷ್ಟ್ ಬಿರ್ರನೆ ನಿಲ್ಲಿಸ್ಬುಟ್ಟೆ?"

"ನೀನೇ ಹೇಳಿದ್ಯಲ್ಲಮ್ಮ, ಒಂದೇ ಸುತ್ತು ಅಂತ."

"ಸುತ್ತು ಎಷ್ಟುದ್ದ ಅಂತ ಏಳಿದ್ನಾ ನಾನು? ನಮ್ಮ್ ಬೀದಿ ಸುತ್ತೋ ಸ್ಕೂಟ್ರೂ ಒಂದು ಸುತ್ತೇಯ, ಪೂನಾಕ್ ಓಗಿ ಬರೋ ಲಾರೀನೂ ಒಂದು ಸುತ್ತೇಯ. ಮನೆಗ್ ಬಂದು ನಿಂತ್ರೇನೇ ಸುತ್ತು ಮುಗಿಯೋದು."

ನಮ್ಮವರು ಅಮ್ಮನನ್ನು ನೋಡಿದರು. ನಾನು ಇವರನ್ನು ನೋಡಿದೆ. ಕೂದಲೆಳೆಯನ್ನು ಹತ್ತು ಭಾಗ ಮಾಡಿ ಅಳೆಯುವ ಮನುಷ್ಯ, ಈ ಒಂದರ ಅಳತೆಯನ್ನು ಕೇಳದೆ ತಾವೇ ಗೀಟು ಹಾಕಿಕೊಂಡುಬಿಟ್ಟಿದ್ದರು. ಮೊಬೈಲಿನೊಳಗಿನ ಆ ಮಹಾನುಭಾವರು ಅಷ್ಟು ಹೊತ್ತು ನುಡಿಸುವುದು ಹೇಗೆ ಎಂಬ ನನ್ನ ಗೊಂದಲದಲ್ಲಿ ಒಂದು ಎಳೆ ಮಾತ್ರ ಆಗ ಬಿಚ್ಚಿಕೊಂಡಿತು. ಅವರೆಲ್ಲ ಮನೆ ಬರುವ ತನಕ ಸುತ್ತು ಮುಗಿಯುವುದಿಲ್ಲ ಎಂದುಕೊಂಡವರು.

"ಅಂದ್ರೆ..." ಎಂದರು ಇವರು, "ಇನ್ನೂ ಮುಗಿದಿಲ್ಲ?"

"ಮನೆ ಬಂತಾ?" ಅಂದರು ಅತ್ತೆ.

ಬಂದಿರಲಿಲ್ಲ. ನಮ್ಮ ಮನೆ ಕಡೆ ತಿರುಗುವ ಎಂಟನೇ ಮೈಲಿಯೂ ಬಂದಿರಲಿಲ್ಲ. ಇವರು ಜಿಪ್ಪು ಎಳೆದರು. ಗಿಟಾರಿನ ಕತ್ತು ಒಂದು ಕಡೆಯಿಂದ ಆಟೋದ ಹೊರಗೆ ಚಾಚಿತು, ಪಕ್ಕದ ಬೈಕಿನವನು ತಲೆ ತಗ್ಗಿಸಿಕೊಂಡ. ಕರೆಂಟಿನ ಗಿಟಾರು, ಸ್ಪೀಕರಿಲ್ಲ. ಹಾರ್ನುಗಳ ನಡುವೆ ಅದರಿಂದ ಬಂದದ್ದು ಕೊಬ್ಬರಿ ತುರಿಯುವಷ್ಟು ಸದ್ದು. ಇವರು ಕಣ್ಣು ಮುಚ್ಚಿಕೊಂಡು, ಮುಖ ಹಿಂಡಿಕೊಂಡು, ಎಲ್ಲಿಗೋ ಹೊರಟುಹೋದರು. ಅತ್ತೆ ತಲೆದೂಗುತ್ತಿದ್ದರು. ಆಟೋದವನು ಕನ್ನಡಿಯನ್ನು ಇವರ ಕಡೆ ತಿರುಗಿಸಿಕೊಂಡ.

"ಯಾರ್ ಥರ ಇದೆ?" ಎಂದು ಇವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಕೇಳಿಸ್ತಾನೇ ಇಲ್ಲ ಕಣ್ರೀ" ಅಂದೆ.

ಅವರು ನಕ್ಕರು, ನಿಲ್ಲಿಸಲಿಲ್ಲ. ಅಷ್ಟರಲ್ಲಿ ಮುಂದಿನ ಲಾರಿ ಹೊಗೆಯುಗುಳಿ ಕದಲಿತು, ದಾರಿ ಬಿಟ್ಟಿತು, ಆಟೋದವನು ಗೇರು ಹಾಕಿದ. ಇವರು ಒಂದು ಕಣ್ಣು ತೆರೆದು, "ಅಣ್ಣಾ, ಸ್ವಲ್ಪ ನಿಧಾನಕ್ಕೆ ಹೋಗಿ" ಅಂದರು.

ತುಮಕೂರು ರಸ್ತೆಯಲ್ಲಿ, ಜಾಮು ಬಿಟ್ಟ ಮೇಲೆ, ಆಟೋದವನಿಗೆ ನಿಧಾನಕ್ಕೆ ಹೋಗಿ ಎಂದು ಯಾರಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.